ಧಾತು ಸಂವತ್ಸರದ ಮಕ್ಕಳು: ಕೋಲಾರ ಸೀಮೆಯಲ್ಲಿ ಕ್ರೈಸ್ತರ ದಾನವೂ ಸರ್ಕಾರದ ಋಣವೂ

ಮೈಸೂರು ಸಂಸ್ಥಾನದ ಈಚಿನ ಚರಿತ್ರೆಯಲ್ಲಿ 1876ರಿಂದ 1878ರವರೆಗೆ ನಡೆದ ಕ್ಷಾಮಕ್ಕೆ ಸಮನಾದ ವಿಪತ್ತು ಮತ್ತೊಂದಿಲ್ಲ. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿ ಪರಾಕಾಷ್ಠೆಯನ್ನು ಮುಟ್ಟಿದ ಈ ಬರವನ್ನು ಹಳೆಯ ತಲೆಯವರು ಧಾತು ಕ್ಷಾಮವೆಂದೇ ಕರೆಯುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೊಂಚ ಕೆಳಗೆ ಇಳಿದಿತ್ತು. ಕೋಲಾರ ಜಿಲ್ಲೆಯು ಅತ್ಯಂತ ನೊಂದ ಜಿಲ್ಲೆಗಳಲ್ಲೊಂದು. ಅಲ್ಲಿ 6 ಲಕ್ಷಕ್ಕೂ ಹೆಚ್ಚಾಗಿದ್ದ ಜನರು ಹತ್ತು ವರ್ಷಗಳ ತರುವಾಯ 5 ಲಕ್ಷಕ್ಕೂ ಕಡಮೆಯಾದರು. ಸತ್ತವರ ಲೆಕ್ಕವನ್ನು ಬರೆದಿಡುವವರು ಎಷ್ಟೋ ಗ್ರಾಮಗಳಲ್ಲಿ ತಾವೇ ಉಳಿದಿರಲಿಲ್ಲವಾದುದರಿಂದ, ಹೀಗೆ ಎರಡು ಗಣತಿಗಳ ನಡುವಣ ವ್ಯತ್ಯಾಸದಿಂದಲೇ ನಷ್ಟವನ್ನು ಊಹಿಸಬೇಕಾಗಿದೆ.

ಈ ಸೀಮೆಯ ನೀರಿನ ಸ್ಥಿತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಪಾಲಾರು ಪಿನಾಕಿನಿಗಳು ಅಂದಿನ ಕೋಲಾರ ಜಿಲ್ಲೆಯ ಬೆಟ್ಟಗಳಲ್ಲಿಯೇ ಹುಟ್ಟಿ ತಮ್ಮ ನೀರನ್ನು ಆಂಧ್ರ ತಮಿಳು ದೇಶಗಳಿಗೆ ಕೊಂಡೊಯ್ಯುತ್ತವೆ. ಹುಟ್ಟಿದ ನೆಲಕ್ಕೆ ಉಳಿಯುವುದು ಕೆರೆಗಳಲ್ಲಿ ಕಟ್ಟಿ ನಿಲ್ಲಿಸಿದಷ್ಟೇ. ಒಂದರ ಕೋಡಿಯಿಂದ ಮತ್ತೊಂದು ತುಂಬುವಂತೆ ಪೂರ್ವಿಕರು ಕಟ್ಟಿದ ಆ ಸಾವಿರಾರು ಕೆರೆಗಳ ಸಾಲು ಒಂದು ವರ್ಷದ ಅನಾವೃಷ್ಟಿಯನ್ನು ತಡೆದೀತು. ಎರಡು ವರ್ಷದ್ದನ್ನು ತಡೆಯಲಾರದು. 1875ರಲ್ಲಿ ಮಳೆ ಅರೆಕೊರೆಯಾಯಿತು. 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟುವು. ಹೊಲದಲ್ಲಿ ರಾಗಿ ಒಣಗಿತು, ಹುರುಳಿಯನ್ನು ಬಿತ್ತುವುದಕ್ಕೂ ಹದವಿಲ್ಲದೆ ಹೋಯಿತು. ಎತ್ತುಗಳು ಮೊದಲು ಬಿದ್ದುವು, ಆಮೇಲೆ ಮನುಷ್ಯರು.

ಧಾನ್ಯವೇ ಇರಲಿಲ್ಲವೆಂದು ಹೇಳಲಾಗದು. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲು ದಾರಿಯು 1864ರಲ್ಲಿಯೇ ತೆರೆದು ಮಾಲೂರಿನ ಮೇಲೆ ಹಾದುಹೋಗುತ್ತಿತ್ತು. ಮದರಾಸಿನ ರೇವಿನಲ್ಲಿ ಇಳಿದ ಅಕ್ಕಿಯ ಮೂಟೆಗಳು ಈ ದಾರಿಯಲ್ಲಿಯೇ ಬಂದುವು. ಹಸಿದವರು ಮುಳಬಾಗಿಲು ನಂಗಲಿಗಳ ಮೇಲೆ ಹೋಗುವ ಮದರಾಸು ಹೆದ್ದಾರಿಯಲ್ಲಿ ಗುಂಪುಗುಂಪಾಗಿ ನಡೆದರು. ಅನ್ನವು ಒಂದು ದಾರಿಯಲ್ಲಿಯೂ ಹಸಿವು ಮತ್ತೊಂದು ದಾರಿಯಲ್ಲಿಯೂ ನಡೆಯುತ್ತಿದ್ದ ಆ ಕಾಲದಲ್ಲಿ, ಇವೆರಡನ್ನೂ ಕೂಡಿಸಲು ಬೇಕಾಗಿದ್ದುದು ಕೂಲಿಯ ಕಾಸು. ಕಾಸಿಲ್ಲದವನಿಗೆ ಅನ್ನವನ್ನು ಕೊಡಬೇಕಾದವರು ಯಾರು, ಎಷ್ಟು ಕೊಡಬೇಕು, ಯಾವ ಕರಾರಿನ ಮೇಲೆ ಕೊಡಬೇಕು ಎಂಬ ಪ್ರಶ್ನೆಗಳು ಆಗ ಎದ್ದುವು. ಕೋಲಾರದಲ್ಲಿ ಕ್ರೈಸ್ತರು ನಡೆಸಿದ ಜನಸೇವೆಯ ಕಥೆಯು ಈ ಪ್ರಶ್ನೆಗಳಿಂದಲೇ ಮೊದಲಾಗುತ್ತದೆ.

ಸಂಸ್ಥಾನವು ಆಗ 1831ರಿಂದಲೂ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಇಂಡಿಯಾ ಸರ್ಕಾರದವರು 1874ರ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ವೆಚ್ಚಮಾಡಿ ಪ್ರಾಣಗಳನ್ನು ಉಳಿಸಿದ್ದರು. ಅದಕ್ಕಾಗಿ ಅವರಿಗೆ ದೊರೆತದ್ದು ದುಂದುಗಾರರೆಂಬ ಬಿರುದು. ಆ ಕ್ಷಾಮವನ್ನು ನಡೆಸಿದ ಸರ್ ರಿಚರ್ಡ್ ಟೆಂಪಲ್ಲರನ್ನೇ 1877ರ ಆರಂಭದಲ್ಲಿ ದಕ್ಷಿಣಕ್ಕೆ ಕಳುಹಿಸಿದಾಗ ಅವರು ಹಳೆಯ ಅಪವಾದವನ್ನು ತೊಳೆದುಕೊಳ್ಳುವವರಂತೆ ಕೈ ಬಿಗಿಹಿಡಿದರು. ಪರಿಹಾರದ ಕೆಲಸದಲ್ಲಿ ಮಣ್ಣು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಅಲ್ಪಸ್ವಲ್ಪ ಕಾಸು, ಇಷ್ಟೇ ಕೂಲಿಯೆಂದು ಗೊತ್ತಾಯಿತು. ಮದರಾಸಿನ ಆರೋಗ್ಯ ಇಲಾಖೆಯ ಮುಖ್ಯರಾಗಿದ್ದ ಡಾಕ್ಟರ್ ಕಾರ್ನಿಷರು ಇದು ದುಡಿಯುವ ದೇಹಕ್ಕೆ ಸಾಲದೆಂದು ವೈದ್ಯಶಾಸ್ತ್ರದ ಆಧಾರದ ಮೇಲೆ ವಾದಿಸಿದರು. ಕೆಲವು ತಿಂಗಳುಗಳಲ್ಲಿ ಮದರಾಸು ಸರ್ಕಾರವು ಕೂಲಿಯನ್ನು ಏರಿಸಬೇಕಾಯಿತು. ಮನುಷ್ಯನು ಬದುಕಲು ಇಷ್ಟು ಬೇಕು, ಇದಕ್ಕಿಂತ ಕಡಮೆ ಕೊಡುವುದು ಕೊಲ್ಲುವುದಕ್ಕೆ ಸಮ ಎಂಬ ಮಾತು ಸರ್ಕಾರದ ಕಾಗದಗಳಲ್ಲಿ ತಲೆಯೆತ್ತಿದ್ದು ಆಗಲೇ. ಅದನ್ನು ಎತ್ತಿದವರು ಧರ್ಮೋಪದೇಶಕರಲ್ಲ, ಒಬ್ಬ ವೈದ್ಯರು ಎಂಬುದು ಗಮನಿಸತಕ್ಕ ಸಂಗತಿ.

1877ರಲ್ಲಿ ವೈಸರಾಯ್ ಲಿಟ್ಟನ್ನರು ಮೈಸೂರಿಗೆ ಬಂದುಹೋದರು. ಚಾರ್ಲ್ಸ್ ಎಲಿಯಟ್ಟರು ಸಂಸ್ಥಾನದ ಕ್ಷಾಮ ಕಮಿಷನರರಾದರು. ಗಂಜಿಯ ಕೇಂದ್ರಗಳಲ್ಲಿ ಸುಮ್ಮನೆ ಕುಳಿತು ಉಣ್ಣುವವರನ್ನು ಕೆಲಸಕ್ಕೆ ಹಚ್ಚುವುದು ಹೊಸ ಏರ್ಪಾಡಿನ ಗುರಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ದಾರಿಯ ಮಣ್ಣಿನ ಕೆಲಸವು ಹೀಗೆ ಕ್ಷಾಮಪೀಡಿತರ ಕೈಯಿಂದಲೇ ಮೊದಲಾಯಿತು. ಕ್ಷಾಮವು ತೀರುವ ಹೊತ್ತಿಗೆ ಸಂಸ್ಥಾನವು ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿ, 80 ಲಕ್ಷ ಸಾಲವಾಗಿತ್ತು. 1881ರಲ್ಲಿ ರಾಜ್ಯವನ್ನು ಹಿಂದಕ್ಕೆ ಪಡೆದ ಮಹಾರಾಜರಿಗೂ ದಿವಾನ್ ರಂಗಾಚಾರ್ಲು ಅವರಿಗೂ ಸಿಂಹಾಸನದೊಡನೆ ಕೈಗೆ ಬಂದದ್ದು ಈ ಸಾಲದ ಪತ್ರ.

ಕೂಲಿಯ ಲೆಕ್ಕದಲ್ಲಿಯೂ ರೈಲಿನ ಲೆಕ್ಕದಲ್ಲಿಯೂ ಸೇರದವರು ಮಕ್ಕಳು. ತಂದೆ ತಾಯಿಗಳು ದಾರಿಯಲ್ಲಿ ಬಿದ್ದುಹೋದ ಮೇಲೆ, ಗಂಜಿಯ ಕೇಂದ್ರದ ಬಾಗಿಲಲ್ಲಿ ಹೆಸರನ್ನು ಹೇಳಲಾರದೆ ನಿಂತ ಮಕ್ಕಳನ್ನು ಏನು ಮಾಡಬೇಕೆಂಬುದಕ್ಕೆ ಸರ್ಕಾರದಲ್ಲಿ ನಿಯಮವಿರಲಿಲ್ಲ. ಇವರನ್ನು ತೆಗೆದುಕೊಳ್ಳಲು ಮುಂದೆ ಬಂದವರಲ್ಲಿ ಮಿಷನರಿಗಳು ಮುಖ್ಯರು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ನಡೆಸಿದರು. ಕೋಲಾರದಲ್ಲಿ ಈ ಭಾರವನ್ನು ಹೊತ್ತವರು ಕುಮಾರಿ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ.

ಈಕೆ ಲಂಡನ್ ಮಿಷನ್ನಿನ ಕೆಲಸಕ್ಕಾಗಿ ಬೆಂಗಳೂರಿಗೆ ಬಂದು, ತರುವಾಯ ಆ ಸಂಘದ ಆಶ್ರಯವನ್ನು ಬಿಟ್ಟು ಕೋಲಾರದಲ್ಲಿ ಸ್ವತಂತ್ರವಾಗಿ ನೆಲಸಿದವರು. ನಿಶ್ಚಿತವಾದ ವರಮಾನವಿಲ್ಲದೆ, ದೂರದ ದೇಶದ ಭಕ್ತರು ಕಳುಹಿಸಿದ ಕಾಣಿಕೆಯನ್ನೇ ನೆಚ್ಚಿಕೊಂಡು, ನೂರಾರು ಮಕ್ಕಳ ಮನೆಯನ್ನು ಒಬ್ಬ ಹೆಂಗಸು ನಡೆಸಿದ್ದು ಸಾಮಾನ್ಯ ಸಾಹಸವಲ್ಲ. ಮಕ್ಕಳಿಗೆ ಓದುಬರಹದೊಡನೆ ಕೈಕೆಲಸವನ್ನೂ ಕಲಿಸಲಾಯಿತು. ಬೆಳೆದವರಿಗೆ ಮದುವೆಮಾಡಿಸಿ ಭೂಮಿಯ ಮೇಲೆ ನೆಲೆಗೊಳಿಸುವ ಪ್ರಯತ್ನವೂ ನಡೆಯಿತು. ಬದುಕಿ ಉಳಿದವರ ಸಂತತಿಯಿಂದಲೇ ಕೋಲಾರದ ಹಳೆಯ ಪ್ರಾಟೆಸ್ಟೆಂಟ್ ಸಭೆಯು ಬಹುಮಟ್ಟಿಗೆ ಬೆಳೆಯಿತು. ಅನೇಕ ಮನೆತನಗಳಿಗೆ ವಂಶವೃಕ್ಷವು ಕ್ಷಾಮದ ವರ್ಷದಿಂದ ಈಚೆಗೆ ಮಾತ್ರ ದೊರೆಯುವುದಕ್ಕೆ ಕಾರಣವಿದೇ.

ಇಲ್ಲಿಯೇ ಒಂದು ಕಷ್ಟವಾದ ಮಾತನ್ನು ಎತ್ತಬೇಕಾಗಿದೆ. ಅನ್ನವನ್ನು ಕೊಟ್ಟವರು ಮತವನ್ನೂ ಕೊಟ್ಟರು. ಐದು ವರ್ಷದ ಅನಾಥ ಶಿಶುವಿಗೆ ಯಾವ ದೇವರನ್ನು ಪೂಜಿಸಬೇಕೆಂಬ ಆಯ್ಕೆ ಇರಲಿಲ್ಲ. ಅದು ತನ್ನನ್ನು ಸಾಕಿದವರ ದೇವರನ್ನು ಪೂಜಿಸಿತು. ಇದನ್ನು ಆ ಕಾಲದ ಹಿಂದೂಗಳು ಮನಸ್ಸಿನಲ್ಲಿ ಇಟ್ಟುಕೊಂಡರು, ಹಲವೆಡೆ ಬಾಯಿಬಿಟ್ಟೂ ಹೇಳಿದರು. ಅವರ ಅಸಮಾಧಾನವನ್ನು ಬರಿಯ ಮಾತ್ಸರ್ಯವೆಂದು ತಳ್ಳಿಬಿಡಲಾಗದು. ಮಕ್ಕಳಲ್ಲಿ ಕೆಲವರಿಗೆ ಬಂಧುಗಳು ಎಲ್ಲೋ ಉಳಿದಿದ್ದಿರಬಹುದು. ಮಳೆ ಬಂದ ಮೇಲೆ ಊರಿಗೆ ತಿರುಗಿದ ಚಿಕ್ಕಪ್ಪನೋ ಸೋದರಮಾವನೋ ಹುಡುಕಿಕೊಂಡು ಬರುವಷ್ಟರಲ್ಲಿ ಹುಡುಗನ ಹೆಸರೇ ಬದಲಾಗಿದ್ದರೆ ಅವನಿಗಾಗುವ ಸಂಕಟವು ಸಣ್ಣದಲ್ಲ. ಆದರೆ ಆಕ್ಷೇಪಿಸಿದವರಲ್ಲಿ ಎಷ್ಟು ಮಂದಿ ಬೀದಿಯ ಮಗುವನ್ನು, ಅದರ ಜಾತಿಯನ್ನು ಕೇಳದೆ, ತಮ್ಮ ಅಡಿಗೆಯ ಮನೆಯೊಳಕ್ಕೆ ಕರೆದುಕೊಳ್ಳಲು ಸಿದ್ಧರಿದ್ದರೆಂಬುದನ್ನೂ ಕೇಳಲೇಬೇಕು. ಆನ್‌ಸ್ಟೆಯವರ ಮನೆಯಲ್ಲಿ ಒಕ್ಕಲಿಗರ ಮಗುವೂ ಹೊಲೆಗೇರಿಯ ಮಗುವೂ ಒಂದೇ ಪಂಕ್ತಿಯಲ್ಲಿ ಉಂಡುವು. ಮತಾಂತರಕ್ಕಿಂತಲೂ ಆ ಪಂಕ್ತಿಯೇ ಅಂದಿನ ಸಮಾಜಕ್ಕೆ ದೊಡ್ಡ ಪೆಟ್ಟಾಗಿ ತೋರಿದ್ದರೆ ಅದೂ ಸಹಜವೇ.

ಸರ್ಕಾರವು ಈ ವಿವಾದದಿಂದ ಪಾಠವನ್ನು ಕಲಿತುಕೊಂಡಿತು. ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಕಮಿಷನ್ನು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಮೈಸೂರಿನ ಅನುಭವವಿದ್ದ ಎಲಿಯಟ್ಟರೇ ಅದರ ಕಾರ್ಯದರ್ಶಿ. ಕ್ಷಾಮದಲ್ಲಿ ಪ್ರಜೆಯ ಪ್ರಾಣವನ್ನು ಉಳಿಸುವುದು ಸರ್ಕಾರದ ಕರ್ತವ್ಯವೆಂದು ಅದು ಒಪ್ಪಿತು. ಅದನ್ನು ಅನುಸರಿಸಿ ಕ್ಷಾಮ ಸಂಹಿತೆಗಳು ಹುಟ್ಟಿದುವು. ಯಾವಾಗ ಪರಿಹಾರದ ಕೆಲಸವನ್ನು ತೆರೆಯಬೇಕು, ಯಾರಿಗೆ ಎಷ್ಟು ಕೂಲಿ, ಕೆಲಸಮಾಡಲಾರದವರಿಗೆ ಏನು ಎಂಬುದೆಲ್ಲ ಬರಹಕ್ಕೆ ಬಂದಿತು. ಅನಾಥ ಮಕ್ಕಳ ವಿಷಯದಲ್ಲಿಯೂ, ಮೊದಲು ಬಂಧುಗಳನ್ನು ಹುಡುಕಬೇಕು, ಅವರು ದೊರೆಯದಿದ್ದರೆ ಮಗುವಿನ ಸ್ವಮತದವರಿಗೆ ಒಪ್ಪಿಸಬೇಕು ಎಂಬ ತತ್ತ್ವವು ಮುಂದಣ ಕ್ಷಾಮಗಳ ನಿಯಮಗಳಲ್ಲಿ ನೆಲೆಗೊಂಡಿತು. ಮಿಷನರಿಗಳ ದಯೆಯು ಮಾಡಿದ ಕೆಲಸವೂ, ಆ ದಯೆಯು ಎಬ್ಬಿಸಿದ ಆಕ್ಷೇಪಣೆಯೂ ಎರಡೂ ಸೇರಿ, ದಾನವಾಗಿದ್ದುದನ್ನು ಋಣವನ್ನಾಗಿ ಮಾಡಿದುವು.

ಕ್ರೈಸ್ತ ಗ್ರಂಥಗಳಲ್ಲಿ ಬಡವರ ವಿಷಯವಾಗಿ ಎರಡು ಬಗೆಯ ಮಾತುಗಳಿವೆ. ಸುವಾರ್ತೆಗಳಲ್ಲಿ ಹಸಿದವನಿಗೆ ಅನ್ನವನ್ನೂ ರೋಗಿಗೆ ಶುಶ್ರೂಷೆಯನ್ನೂ ಕೊಡಬೇಕೆಂಬ ಬೋಧೆಯಿದೆ. ಆಮೋಸನೇ ಮೊದಲಾದ ಹಳೆಯ ಪ್ರವಾದಿಗಳಲ್ಲಾದರೋ ಬಡವನ ನ್ಯಾಯವನ್ನು ಕೆಡಿಸುವ ಧನಿಕರ ಮೇಲೆಯೂ ಅಧಿಕಾರಿಗಳ ಮೇಲೆಯೂ ಉರಿಯುವ ಕೋಪವಿದೆ. ಮೊದಲನೆಯದು ದಯೆ, ಎರಡನೆಯದು ನ್ಯಾಯ. ಕೋಲಾರದ ಮಿಷನ್ನು ಬಹುಕಾಲ ಮೊದಲನೆಯದರಲ್ಲಿಯೇ ನಿಂತಿತ್ತು. ಎರಡನೆಯದರ ಕಡೆಗೆ ಅದು ನಡೆದದ್ದು ಮೆಲ್ಲಮೆಲ್ಲನೆ, ಕೆಲವು ಸಲ ತನಗೆ ಅರಿವಿಲ್ಲದೆಯೇ.

1890ರಲ್ಲಿ ಆನ್‌ಸ್ಟೆಯವರು ತಮ್ಮ ಸಂಸ್ಥೆಯನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ವಹಿಸಿಕೊಟ್ಟರು. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳನ್ನು ನಡೆಸುತ್ತಿದ್ದವರು ಇವರೇ. ಅಂದಿನಿಂದ ಕೋಲಾರವು ಆ ಮಿಷನ್ನಿನ ಮುಖ್ಯ ಸ್ಥಾನಗಳಲ್ಲೊಂದಾಯಿತು. ಅಮೆರಿಕದವರ ಸ್ವಭಾವಕ್ಕೆ ತಕ್ಕಂತೆ ಉಪದೇಶದೊಡನೆ ಯಂತ್ರವೂ ಬಂದಿತು. ಅನಾಥಾಲಯದ ಹುಡುಗರು ಕೈಗಾರಿಕಾ ಶಾಲೆಯಲ್ಲಿ ಮರಗೆಲಸವನ್ನೂ ಕಬ್ಬಿಣದ ಕೆಲಸವನ್ನೂ ಕಲಿತರು. ಅಲ್ಲಿ ತಯಾರಾದ ಕಬ್ಬಿಣದ ನೇಗಿಲು ಕೋಲಾರ ಮಿಷನ್ ನೇಗಿಲು ಎಂಬ ಹೆಸರಿನಿಂದ ಸಂಸ್ಥಾನದ ರೈತರಲ್ಲಿ ಪ್ರಸಿದ್ಧವಾಯಿತು. ಹತ್ತಾರು ಉಪದೇಶಕರು ಹೋಗಲಾರದ ಹಟ್ಟಿಗೆ ಆ ನೇಗಿಲು ಹೋಯಿತು. ಕೊಂಡ ರೈತನಿಗೆ ಅದನ್ನು ಬಡಿದ ಹುಡುಗನ ಜಾತಿಯನ್ನು ವಿಚಾರಿಸುವ ಅಗತ್ಯವಿರಲಿಲ್ಲ.

ಭಾಷೆಯ ತೊಡಕೂ ಇವರಿಗೆ ಸಾಕಷ್ಟಿತ್ತು. ಮಾಲೂರಿನ ಕಡೆ ಕನ್ನಡ, ಮುಳಬಾಗಿಲು ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ಗಣಿಯ ಕಡೆ ತಮಿಳು. ಕಚೇರಿಯ ಕಾಗದವೆಲ್ಲ ಕನ್ನಡ. ಮನೆಯಲ್ಲಿ ತೆಲುಗನ್ನಾಡುವ ಹುಡುಗನು ಕನ್ನಡದ ಬೈಬಲ್ಲನ್ನು ಓದಿ ಕನ್ನಡದ ಅರ್ಜಿಯನ್ನು ಬರೆಯಲು ಕಲಿತನು. ಅರ್ಜಿ ಬರೆಯಬಲ್ಲವನೊಬ್ಬನು ಕೇರಿಯಲ್ಲಿದ್ದರೆ ಶಾನುಭೋಗನ ಮಾತಿನ ದರ್ಪವು ಕೊಂಚ ಇಳಿಯುತ್ತದೆಂಬುದನ್ನು ಹಳ್ಳಿಯ ಬಾಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇದೇ ಮೆಥೋಡಿಸ್ಟ್ ಸಭೆಯು 1908ರಲ್ಲಿ ಅಮೆರಿಕದಲ್ಲಿ ಸಾಮಾಜಿಕ ನಂಬಿಕೆಯ ಘೋಷಣೆಯೊಂದನ್ನು ಅಂಗೀಕರಿಸಿತು. ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಬದುಕಲು ಸಾಲುವಷ್ಟು ಕೂಲಿ, ಅಪಾಯದಿಂದ ರಕ್ಷಣೆ, ವಾರಕ್ಕೊಂದು ದಿನದ ವಿಶ್ರಾಂತಿ, ಮಕ್ಕಳ ದುಡಿಮೆಯ ನಿಷೇಧ, ಇವುಗಳನ್ನು ಸಭೆಯೇ ಬೇಡಬೇಕೆಂದು ಅದರಲ್ಲಿ ಹೇಳಿತ್ತು. ಅದು ದಯೆಯ ಮಾತಲ್ಲ, ನ್ಯಾಯದ ಮಾತು. ಕೋಲಾರದ ಮಿಷನ್ ಬಂಗಲೆಯಿಂದ ಅರ್ಧ ದಿನದ ಪ್ರಯಾಣದಷ್ಟು ದೂರದಲ್ಲಿ ಜಾನ್ ಟೇಲರ್ ಕಂಪೆನಿಯ ಚಿನ್ನದ ಗಣಿಗಳಿದ್ದುವು. ಅಲ್ಲಿ ಭೂಮಿಯ ಕೆಳಗೆ ಇಳಿಯುತ್ತಿದ್ದವರಲ್ಲಿ ಬಹುಮಂದಿ ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯ ಜಾತಿಗಳವರು; ಅವರಲ್ಲಿ ಕ್ರೈಸ್ತರೂ ಇದ್ದರು. ಬಾಲ್ಟಿಮೋರಿನಲ್ಲಿ ನುಡಿದ ಮಾತು ಗಣಿಯ ಬಾಯಿಯ ತನಕ ಬರಲು ಬಹಳ ತಡವಾಯಿತು. 1930ರಲ್ಲಿ ಬೆರಳಚ್ಚು ಕೊಟ್ಟು ದಾಖಲಾಗಬೇಕೆಂಬ ನಿಯಮವನ್ನು ವಿರೋಧಿಸಿ ಗಣಿಯ ಕೆಲಸಗಾರರು ಮುಷ್ಕರ ಹೂಡಿದಾಗ ಅವರನ್ನು ನಡೆಸಿದ್ದು ಅವರ ಸ್ವಂತ ಮಾನದ ಅರಿವು, ಪಾದ್ರಿಗಳ ಘೋಷಣೆಗಳಲ್ಲ. ಇಂಗ್ಲಿಷ್ ಅಧಿಕಾರಿಗಳ ಸ್ನೇಹವೂ ಸರ್ಕಾರದ ಸಹಾಯಧನವೂ ಮಿಷನರಿಗಳ ನಾಲಗೆಯನ್ನು ಎಷ್ಟೋ ಕಡೆ ಕಟ್ಟಿತ್ತೆಂದು ಹೇಳಿದರೆ ಅನ್ಯಾಯವಾಗದು.

ಅವರ ಕೀರ್ತಿಗೆ ಸಂದೇಹವಿಲ್ಲದ ಕ್ಷೇತ್ರವೆಂದರೆ ವೈದ್ಯ. ಮೆಥೋಡಿಸ್ಟ್ ಸ್ತ್ರೀಯರ ಸಂಘವು 1870ರಲ್ಲಿಯೇ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನು ಉತ್ತರ ದೇಶದ ಬರೇಲಿಗೆ ಕಳುಹಿಸಿತ್ತು. ಗಂಡಸು ವೈದ್ಯನಿಗೆ ಮುಖವನ್ನು ತೋರಿಸದ ಹೆಂಗಸರು ವೈದ್ಯವಿಲ್ಲದೆಯೇ ಸಾಯುತ್ತಿದ್ದ ಕಾಲವದು. ಅದೇ ಸಂಘವು 1910ರ ಸುಮಾರಿಗೆ ಕೋಲಾರದಲ್ಲಿ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಿತು. ಲಕ್ನೋವಿನ ಸ್ತ್ರೀವಿದ್ಯಾಲಯದಿಂದ ಪ್ರಖ್ಯಾತರಾದ ಇಸಬೆಲಾ ಥೋಬರ್ನರ ಸಹೋದರಿ ಎಲೆನ್ ಥೋಬರ್ನ್ ಕೋವೆನ್ ಎಂಬವರ ಸ್ಮಾರಕವಾಗಿ ಅದಕ್ಕೆ ಹೆಸರಿಟ್ಟರು. ಊರವರ ಬಾಯಲ್ಲಿ ಅದು ಇ.ಟಿ.ಸಿ.ಎಂ. ಆಸ್ಪತ್ರೆಯಾಯಿತು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಸಣ್ಣ ರೈಲು ಬಂದಿತು. ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರದ ಮೇಲೆ ಚಿಂತಾಮಣಿ ಚಿಕ್ಕಬಳ್ಳಾಪುರಗಳಿಗೂ ಹೋಯಿತು. ಹೆರಿಗೆಯ ಕಷ್ಟದಲ್ಲಿದ್ದ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ರಾತ್ರಿಯೆಲ್ಲ ಕುಲುಕಿಸಿ ತರುವ ಕಷ್ಟವು ಅಷ್ಟರ ಮಟ್ಟಿಗೆ ಕಡಮೆಯಾಯಿತು.

ಆಸ್ಪತ್ರೆಯಲ್ಲಿ ನಡೆದ ಸಾಮಾಜಿಕ ಪರಿವರ್ತನೆಯನ್ನು ಯಾವ ವರದಿಯೂ ಸರಿಯಾಗಿ ಅಳೆಯಲಾರದು. ಧಾತು ಸಂವತ್ಸರದಲ್ಲಿ ಬದುಕಿ ಉಳಿದ ಮಕ್ಕಳಿದ್ದ ಸಭೆಯ ಹೆಣ್ಣುಮಕ್ಕಳು ದಾದಿಯರ ಕೆಲಸವನ್ನು ಕಲಿತರು. ಮಡಿವಂತರ ಮನೆಯ ಬಾಣಂತಿಯನ್ನು ಅವರೇ ಎತ್ತಿ ಮಲಗಿಸಬೇಕು, ಮಗುವನ್ನು ಅವರೇ ಮೊದಲು ಮುಟ್ಟಬೇಕು. ಮನೆಗೆ ಹೋದ ಮೇಲೆ ಸ್ನಾನ ಪುಣ್ಯಾಹಗಳು ನಡೆದಿರಬಹುದು. ಆದರೂ ಪ್ರಾಣವು ಹೋಗುವ ಗಳಿಗೆಯಲ್ಲಿ ಮುಟ್ಟು ಎಂಬುದು ಹೇಗೆ ಕರಗಿಹೋಗುತ್ತದೆಂಬುದನ್ನು ಎರಡು ಕಡೆಯ ಹೆಂಗಸರೂ ಕಂಡುಕೊಂಡರು. ಗಂಡಸರು ಪ್ರಜಾಪ್ರತಿನಿಧಿ ಸಭೆಯಲ್ಲಿ ಭಾಷಣಗಳನ್ನು ಮಾಡುತ್ತಿದ್ದಾಗ ಹೆಂಗಸರು ಮಾತಿಲ್ಲದೆ ಮಾಡಿದ ಕಾರ್ಯವಿದು.

ಅತ್ತ ಸಂಸ್ಥಾನದ ಸರ್ಕಾರವೂ ಸುಮ್ಮನಿರಲಿಲ್ಲ. ಅಂದು ಪಂಚಮರೆಂದೂ ಮುಂದೆ ಆದಿಕರ್ಣಾಟಕರೆಂದೂ ಕರೆಯಿಸಿಕೊಂಡವರ ಮಕ್ಕಳಿಗೆ ಬಹುಕಾಲದವರೆಗೆ ಮಿಷನ್ನಿನವರ ಶಾಲೆಗಳಲ್ಲದೆ ಬೇರೆ ಗತಿ ಇದ್ದ ಊರುಗಳು ಕಡಮೆ. ಸರ್ಕಾರವು ಅವರಿಗಾಗಿ ತೆರೆದ ಶಾಲೆಗಳೂ ಬೇರೆಯಾಗಿಯೇ ಇದ್ದುವು. 1915ರಿಂದ ಮೊದಲಾಗಿ, ಸರ್ಕಾರದ ಯಾವ ಶಾಲೆಯಲ್ಲಿಯೂ ಜಾತಿಯ ಕಾರಣದಿಂದ ಮಕ್ಕಳನ್ನು ಹೊರಗೆ ನಿಲ್ಲಿಸಕೂಡದೆಂಬ ಆಜ್ಞೆಗಳು ಹೊರಟುವು. ಅವುಗಳನ್ನು ನಿಷ್ಠುರವಾಗಿ ನಡೆಸಿದವರು ವಿದ್ಯಾ ಇಲಾಖೆಯ ಮುಖ್ಯರಾಗಿದ್ದ ಸಿ. ಆರ್. ರೆಡ್ಡಿಯವರು. ಅವರ ಹುಟ್ಟೂರು ಕಟ್ಟಮಂಚಿ, ಮುಳಬಾಗಿಲಿನ ಗಡಿಯಾಚೆಯ ಚಿತ್ತೂರಿನಲ್ಲಿದೆ. ಮೇಲು ಜಾತಿಗಳವರು ಮಕ್ಕಳನ್ನು ಶಾಲೆ ಬಿಡಿಸಿದರು, ಅರ್ಜಿಗಳನ್ನು ಬರೆದರು, ಆಜ್ಞೆಯು ನಿಂತಿತು. ಪಾದ್ರಿಯ ದಯೆ ಇದ್ದರೆ ಮಾತ್ರ ಓದು ಎಂಬ ಸ್ಥಿತಿಯು ಕಾಗದದ ಮೇಲಾದರೂ ಅಲ್ಲಿಗೆ ಮುಗಿಯಿತು.

1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಹಿಂದುಳಿದ ಕೋಮುಗಳ ವಿಚಾರದ ಸಮಿತಿಯು ನೇಮಕವಾಯಿತು. ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರಾದ ದಿವಾನ್ ವಿಶ್ವೇಶ್ವರಯ್ಯನವರು ಈ ಬಗೆಯ ಮೀಸಲಾತಿಗೆ ಒಪ್ಪದೆ ಆ ವರ್ಷದ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟರೆಂಬುದು ಪ್ರಸಿದ್ಧ. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಉದ್ಯೋಗಗಳಲ್ಲಿ ಅರ್ಧಕ್ಕೂ ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಿಲ್ಲದಂತೆ ಹಿಂದುಳಿದವರಿಗೆ ಕೊಡಬೇಕೆಂದು ಸಮಿತಿಯು 1919ರಲ್ಲಿ ಸಲಹೆಮಾಡಿತು. 1923ರ ಸುಧಾರಣೆಗಳಲ್ಲಿ ದೇಶೀಯ ಕ್ರೈಸ್ತರಿಗೂ ದಲಿತವರ್ಗಗಳಿಗೂ ಸಂಸ್ಥಾನದ ಸಭೆಗಳಲ್ಲಿ ಪ್ರಾತಿನಿಧ್ಯವು ದೊರೆಯಿತು. ದಲಿತ ಕ್ರೈಸ್ತನು ಇವೆರಡರಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು? ಈ ಪ್ರಶ್ನೆಯು ಆಗ ಯಾರನ್ನೂ ಹೆಚ್ಚಾಗಿ ಬಾಧಿಸಲಿಲ್ಲ.

ಸ್ವಾತಂತ್ರ್ಯವು ಬಂದಾಗ ಅದು ಬಾಧಿಸಿತು. ರಾಜ್ಯಾಂಗ ಸಭೆಯಲ್ಲಿ ಕ್ರೈಸ್ತ ನಾಯಕರು ತಮ್ಮ ಮತದವರಿಗೆ ಮೀಸಲು ಸ್ಥಾನಗಳು ಬೇಡವೆಂದು ಮನಃಪೂರ್ವಕವಾಗಿ ಒಪ್ಪಿದರು. ಸಭೆಯ ಉಪಾಧ್ಯಕ್ಷರಾದ ಬಂಗಾಳದ ಎಚ್. ಸಿ. ಮುಖರ್ಜಿಯವರೂ, ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯುಯಿಟ್ ಪಾದ್ರಿ ಜೆರೋಮ್ ಡಿಸೋಜರೂ 1949ರಲ್ಲಿ ಈ ಪಕ್ಷದಲ್ಲಿ ನಿಂತರು. ಮತದ ಹೆಸರಿನಲ್ಲಿ ರಾಜಕೀಯದ ಪಾಲನ್ನು ಕೇಳುವುದಿಲ್ಲವೆಂಬ ಅವರ ನಿಲವು ಉದಾತ್ತವಾದುದು. ದೇಶವು ಮತದ ಕಾರಣದಿಂದ ಆಗತಾನೇ ಒಡೆದಿತ್ತು. ಆದರೆ ಹಾಗೆ ತ್ಯಾಗಮಾಡಿದವರಲ್ಲಿ ಹೆಚ್ಚಿನವರು ವಿದ್ಯಾವಂತ ನಗರವಾಸಿಗಳು. ಕೋಲಾರ ಸೀಮೆಯ ಕೇರಿಗಳಲ್ಲಿ ಕೂಲಿಮಾಡುವ ಕ್ರೈಸ್ತನಿಗೆ ಬಿಟ್ಟುಕೊಡುವುದಕ್ಕೆ ಏನಿದೆಯೆಂದು ಕೇಳಿದವರು ವಿರಳ. ಮರುವರ್ಷ, 1950ರಲ್ಲಿ, ಪರಿಶಿಷ್ಟ ಜಾತಿಗಳ ವಿಷಯವಾಗಿ ರಾಷ್ಟ್ರಪತಿಗಳ ಆಜ್ಞೆಯು ಹೊರಟಿತು. ಅದರ ಮೂರನೆಯ ಪರಿಚ್ಛೇದದ ಪ್ರಕಾರ ಹಿಂದೂ ಮತವನ್ನು ಬಿಟ್ಟು ಬೇರೆ ಮತವನ್ನು ಅವಲಂಬಿಸಿದವರು, ಕೆಲವು ಸಿಖ್ ಜಾತಿಗಳ ಹೊರತು, ಪರಿಶಿಷ್ಟ ಜಾತಿಗೆ ಸೇರಿದವರಲ್ಲ. 1956ರಲ್ಲಿ ಸಿಖ್ಖರೆಲ್ಲರನ್ನೂ 1990ರಲ್ಲಿ ಬೌದ್ಧರನ್ನೂ ಒಳಕ್ಕೆ ಸೇರಿಸಲಾಯಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗೆ ಉಳಿದರು.

ಎಪ್ಪತ್ತು ವರ್ಷಗಳ ಹಿಂದಿನ ಜಗಳವೇ ತಲೆಕೆಳಗಾಗಿ ತಿರುಗಿ ಬಂದಂತಾಯಿತು. ಅಂದು ಅನಾಥ ಮಗುವಿಗೆ ಅನ್ನದೊಡನೆ ಮತವನ್ನೂ ಅಂಟಿಸಿದ್ದಕ್ಕಾಗಿ ಮಿಷನರಿಗಳನ್ನು ದೂರಿದರು. ಈಗ ಆ ಮಗುವಿನ ಮೊಮ್ಮಗನು ಅಸ್ಪೃಶ್ಯತೆಯ ಪರಿಹಾರವನ್ನು ಪಡೆಯಬೇಕಾದರೆ ಇಂಥ ಮತದಲ್ಲಿರಬೇಕೆಂದು ಸರ್ಕಾರವೇ ಕರಾರನ್ನು ಹಾಕಿತು. ಕ್ಷಾಮದ ಮಕ್ಕಳೆಲ್ಲರೂ ಕೀಳೆನಿಸಿದ ಜಾತಿಗಳವರಾಗಿರಲಿಲ್ಲ, ನಿಜ. ಹಾಗಿದ್ದವರ ಸಂತತಿಗೆ ಮಾತ್ರ ಈ ಆಜ್ಞೆಯು ನೇರವಾಗಿ ತಾಕಿತು. ಕ್ರೈಸ್ತ ಮತದಲ್ಲಿ ಜಾತಿಯಿಲ್ಲವಾದುದರಿಂದ ಕ್ರೈಸ್ತನಿಗೆ ಜಾತಿಯ ಕಷ್ಟವೂ ಇಲ್ಲ ಎಂಬುದು ಆಜ್ಞೆಯ ಪರವಾಗಿ ಹೇಳುವ ತರ್ಕ. ಹಳ್ಳಿಯಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತವನಿಗೆ ಎದುರಿಗಿರುವವನ ದೀಕ್ಷಾಸ್ನಾನದ ಪತ್ರವು ಕಾಣುವುದಿಲ್ಲ, ಅವನ ಕೇರಿ ಕಾಣುತ್ತದೆ. ಸಭೆಗಳೊಳಗೂ ಜಾತಿಯು ಪೂರ್ಣವಾಗಿ ಅಳಿದಿತ್ತೆಂದು ಹೇಳುವ ಧೈರ್ಯ ಕ್ರೈಸ್ತರಲ್ಲಿಯೇ ಪ್ರಾಮಾಣಿಕರಿಗಿರಲಿಲ್ಲ. ಮದುವೆಯ ಸಂಬಂಧಗಳನ್ನು ನೋಡಿದರೆ ಸಾಕು.

ಈ ವಿಷಯದಲ್ಲಿ ಕ್ರೈಸ್ತ ವಿಚಾರವಂತರೂ ತಮ್ಮ ನಿಲವನ್ನು ಬದಲಾಯಿಸಿಕೊಂಡರು. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಧರ್ಮ ಮತ್ತು ಸಮಾಜದ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವಾನಂದನ್, ಎಂ. ಎಂ. ಥಾಮಸ್ ಮೊದಲಾದವರು ರಾಷ್ಟ್ರದ ನೀತಿ, ಭೂಮಿ, ದುಡಿಮೆ, ಪ್ರಜಾಪ್ರಭುತ್ವ ಇವುಗಳನ್ನೇ ದೈವವಿದ್ಯೆಯ ವಿಷಯಗಳನ್ನಾಗಿ ಮಾಡಿಕೊಂಡರು. ಆಮೋಸನ ದನಿಯು ಈ ನಾಡಿನ ಕ್ರೈಸ್ತ ಲೇಖನಗಳಲ್ಲಿ ಬಲವಾಗಿ ಕೇಳಿಸಿದ್ದು ಆ ಮೇಲೆಯೇ. ಕರ್ನಾಟಕದಲ್ಲಿ ಹಾವನೂರರ ಆಯೋಗವು 1975ರಲ್ಲಿ ವರದಿಯನ್ನು ಒಪ್ಪಿಸಿದ ತರುವಾಯ, ಪರಿಶಿಷ್ಟ ಜಾತಿಗಳಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಸ್ಥಾನವು ದೊರೆಯಿತು. ಶಾಲೆಗೂ ಸಂಬಳಕ್ಕೂ ಇದರಿಂದ ಸ್ವಲ್ಪ ಅನುಕೂಲವಾಯಿತು. ಆದರೆ ಅಸ್ಪೃಶ್ಯರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾನೂನಿನ ಆಶ್ರಯವಾಗಲಿ ಶಾಸನ ಸಭೆಗಳ ಮೀಸಲು ಸ್ಥಾನಗಳಾಗಲಿ ಆ ಪಟ್ಟಿಯಿಂದ ಬರುವುದಿಲ್ಲ. 1985ರಲ್ಲಿ ಸೂಸೈ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮತಾಂತರದ ತರುವಾಯವೂ ಅದೇ ಬಗೆಯ ತೀವ್ರವಾದ ಕಷ್ಟವು ಉಳಿದಿದೆಯೆಂದು ತೋರಿಸಬೇಕೆಂದು ಹೇಳಿ ಪ್ರಾರ್ಥನೆಯನ್ನು ತಳ್ಳಿಹಾಕಿತು. ರಂಗನಾಥ ಮಿಶ್ರರ ಆಯೋಗವು 2007ರಲ್ಲಿ ಮೂರನೆಯ ಪರಿಚ್ಛೇದವನ್ನು ತೆಗೆದುಹಾಕಬೇಕೆಂದಿತು. 2022ರಲ್ಲಿ ಕೇಂದ್ರ ಸರ್ಕಾರವು ಕೆ. ಜಿ. ಬಾಲಕೃಷ್ಣನ್ನರ ಅಧ್ಯಕ್ಷತೆಯಲ್ಲಿ ಅದೇ ಪ್ರಶ್ನೆಯನ್ನು ವಿಚಾರಿಸಲು ಮತ್ತೊಂದು ಆಯೋಗವನ್ನು ನೇಮಿಸಿತು.

ಕೋಲಾರದ ಲೋಕಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗಳಿಗೆ ಮೀಸಲಾದುದು. 2008ರಿಂದ ಮುಳಬಾಗಿಲಿನ ವಿಧಾನಸಭಾ ಕ್ಷೇತ್ರವೂ ಹಾಗೆಯೇ. ಒಂದೇ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿರುವ ದಾಯಾದಿಗಳಲ್ಲಿ, ಮಾರಮ್ಮನ ಗುಡಿಗೆ ಹೋಗುವವನು ಆ ಸ್ಥಾನಕ್ಕೆ ಉಮೇದುವಾರನಾಗಿ ನಿಲ್ಲಬಹುದು. ಸಭೆಯ ಪ್ರಾರ್ಥನೆಗೆ ಹೋಗುವವನು ಅವನಿಗೆ ಮತವನ್ನು ಮಾತ್ರ ಕೊಡಬಹುದು. ಈ ಕಾರಣದಿಂದಲೇ ದಕ್ಷಿಣ ದೇಶದ ಎಷ್ಟೋ ಮನೆಗಳಲ್ಲಿ ಒಬ್ಬನಿಗೆ ಎರಡು ಹೆಸರುಗಳಿರುವುದುಂಟು. ದೀಕ್ಷಾಸ್ನಾನದಲ್ಲಿ ಪಾದ್ರಿಯು ಕೊಟ್ಟದ್ದು ಒಂದು, ತಾಲ್ಲೂಕು ಕಚೇರಿಯ ಜಾತಿಪತ್ರದಲ್ಲಿರುವುದು ಮತ್ತೊಂದು. ಧಾತು ಸಂವತ್ಸರದಲ್ಲಿ ಗಂಜಿಯ ಕೇಂದ್ರದ ಬಾಗಿಲಲ್ಲಿ ನಿಂತ ಮಗುವಿಗೆ ತನ್ನ ಹೆಸರೇನೆಂದು ಹೇಳಲು ತಿಳಿದಿರಲಿಲ್ಲ. ಮೊಮ್ಮಗನಿಗೆ ತಿಳಿದಿದೆ, ಯಾವ ಬಾಗಿಲಲ್ಲಿ ಯಾವುದನ್ನು ಹೇಳಬೇಕೆಂಬುದೂ ತಿಳಿದಿದೆ.